ಮಗುವಿನ ತಿಂಗಳು, ಸರ್ಕಾರದ ವರ್ಷ

ಶ್ರವಣದೋಷವುಳ್ಳ ಮಕ್ಕಳು, ಅವರ ಕುಟುಂಬ ಮತ್ತು ನಮ್ಮ ನೀತಿ: ಬಿಜ್ಜರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ



ದತ್ತಿ ಉಪನ್ಯಾಸ ಅಂದರೆ ವಚನ, ತತ್ವಪದ, ಇಲ್ಲವೆ ಒಬ್ಬ ಕವಿಯ ಬದುಕು-ಬರಹ ಎಂಬ ರೂಢಿಯಿದೆ. ದತ್ತಿ ಇಟ್ಟವರು ಈ ವರ್ಷ ವಿಷಯವನ್ನು ನನಗೇ ಬಿಟ್ಟರು. ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳಿಕೊಂಡೇ ಬಾಳಿನ ಬಹುಪಾಲು ಕಳೆದವನು ನಾನು. ಹಾಗಾಗಿ ಆ ಮಕ್ಕಳ ಬಗ್ಗೆ, ಅವರ ಮನೆಯವರ ಬಗ್ಗೆ, ಅವರಿಗಾಗಿ ಸರ್ಕಾರ ಮಾಡಿಟ್ಟಿರುವ ಕಾನೂನು-ಯೋಜನೆಗಳ ಬಗ್ಗೆ ಮಾತಾಡುತ್ತೇನೆ.

ಈ ಮಾತನ್ನು ಬಿಜ್ಜರಗಿಯಲ್ಲೇ ಆಡಬೇಕೆಂಬ ಆಸೆಯಿತ್ತು. ಇದು ಸಿದ್ಧೇಶ್ವರ ಸ್ವಾಮೀಜಿಯವರು ಹುಟ್ಟಿದ ಊರು. ಅವರ ಪ್ರವಚನವೆಂದರೆ ಬೆಳಗಿನ ಜಾವವೇ ಸಾವಿರಾರು ಮಂದಿ ಬಂದು, ಒಬ್ಬರೂ ಕೆಮ್ಮದೆ ಕೂತು ಕೇಳುತ್ತಿದ್ದರು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ವಿಜಯಪುರದ ಕಡೆ ಹರಿದುಬಂದ ಜನಸಾಗರದಲ್ಲಿ ಬಹುಪಾಲು ಜನ ಅವರಿಗೆ ಶಿಷ್ಯರೂ ಅಲ್ಲ, ಬಂಧುಗಳೂ ಅಲ್ಲ, ಕೇಳುಗರು. ಕೇಳುವುದನ್ನೇ ಒಂದು ಸಾಧನೆ ಎಂದು ತಿಳಿದ ಸೀಮೆ ನಮ್ಮದು. ಇಂಥ ಸೀಮೆಯಲ್ಲಿ ಹುಟ್ಟಿದ ಕೂಸಿಗೆ ತಾಯಿಯ ಜೋಗುಳವೂ ಕೇಳಿಸುತ್ತಿಲ್ಲ ಎಂಬುದು ನಮಗೆ ಯಾವಾಗ ಗೊತ್ತಾಗುತ್ತದೆ? ಗೊತ್ತಾದ ಮೇಲೆ ಆ ತಾಯಿಯ ಜೊತೆ ಯಾರು ನಿಲ್ಲುತ್ತಾರೆ? ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಈ ಮಕ್ಕಳಿಗೆ ಯೋಜನೆಗಳ ಕೊರತೆಯಿಲ್ಲ. ಕೊರತೆ ಇರುವುದು ಹೊತ್ತಿನದು. ಯೋಜನೆಗಳು ವರ್ಷದ ಲೆಕ್ಕದಲ್ಲಿ ನಡೆಯುತ್ತವೆ, ಮಗುವಿನ ಮಿದುಳು ತಿಂಗಳ ಲೆಕ್ಕದಲ್ಲಿ ಬೆಳೆಯುತ್ತದೆ. ಇನ್ನೊಂದು, ಯೋಜನೆಗಳು ಮಗುವಿನ ಕಿವಿಯನ್ನು ನೋಡುತ್ತವೆ, ಮನೆಯನ್ನು ನೋಡುವುದಿಲ್ಲ. ಭಾಷೆ ಬರುವುದು ಮನೆಯಲ್ಲಿ.

ಒಂದು ಮನೆಯ ಕತೆ

ತಿಕೋಟಾ ತಾಲ್ಲೂಕಿನದೇ ಒಂದು ಕುಟುಂಬ. ಹೆಸರು ಬೇಡ. ಗಂಡ-ಹೆಂಡತಿ ಇಬ್ಬರೂ ದ್ರಾಕ್ಷಿ ತೋಟದ ಕೂಲಿ, ಸುಗ್ಗಿ ಮುಗಿದ ಮೇಲೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಕೆಲಸ. ಚೊಚ್ಚಲ ಗಂಡುಮಗು. ಒಂದು ವರ್ಷ ತುಂಬಿದರೂ 'ಅವ್ವಾ' ಅನ್ನಲಿಲ್ಲ. ಅತ್ತೆ ಸಮಾಧಾನ ಹೇಳಿದಳು: "ಅವರಪ್ಪನೂ ಹಿಂಗ ಇದ್ದ ಬಿಡವಾ, ಮೂರು ವರ್ಷ ತುಂಬಿದ ಮ್ಯಾಲ ಮಾತಾಡಿದ. ಗಂಡು ಹುಡುಗರಿಗೆ ಮಾತು ತಡ." ನಾಲಿಗೆಗೆ ಬಜೆ ತೀಡಿದರು. ದೇವರಿಗೆ ಗಂಟೆಯ ಹರಕೆ ಹೊತ್ತರು.

ತಾಯಿಗೆ ಅನುಮಾನವಿತ್ತು, ಆದರೆ ಅದನ್ನು ಅಳಿಸುವ ಸಾಕ್ಷಿಯೂ ಸಿಗುತ್ತಿತ್ತು. "ಸರ, ತಾಟು ಬಿದ್ರ ಹೊಳ್ಳಿ ನೋಡ್ತಿದ್ದ್ರಿ. ಅದಕ್ಕ ಕೇಳಸ್ತದಂತ ತಿಳಕೊಂಡಿದ್ವಿ" ಎಂದು ಆಮೇಲೆ ನನಗೆ ಹೇಳಿದಳು. ಕಲ್ಲುಹಾಸಿನ ಮೇಲೆ ತಾಟು ಬಿದ್ದರೆ ಅದರ ಅದುರು ಅಂಗಾಲಿಗೆ ತಾಗುತ್ತದೆ. ಕೋಣೆಯಲ್ಲಿದ್ದವರೆಲ್ಲ ಒಂದೇ ಸಲ ಕತ್ತು ತಿರುಗಿಸುತ್ತಾರೆ, ಮಗುವೂ ತಿರುಗಿಸುತ್ತದೆ. ಕಿವಿ ಕೇಳದ ಮಕ್ಕಳ ಕಣ್ಣು ಬಹಳ ಚುರುಕು. ಮನೆಯಲ್ಲಿ ಮಾಡುವ ತಾಟು-ಚಪ್ಪಾಳೆಯ ಪರೀಕ್ಷೆ ನಮಗೆ ಮೋಸ ಮಾಡುವುದು ಹೀಗೆ. ಬೆನ್ನ ಹಿಂದೆ ನಿಂತು, ನೆರಳು ಬೀಳದಂತೆ, ಗಾಳಿ ತಾಗದಂತೆ ಮೆಲುದನಿಯಲ್ಲಿ ಕರೆದಿದ್ದರೆ ಗೊತ್ತಾಗುತ್ತಿತ್ತು.

ಎರಡು ವರ್ಷಕ್ಕೆ ಡಾಕ್ಟರಿಗೆ ತೋರಿಸಿದರು. ಇನ್ನೊಂದು ವರ್ಷ ನೋಡೋಣ ಎಂದರು. ಮೂರಕ್ಕೆ ಅಂಗನವಾಡಿ. ಅಲ್ಲಿಗೆ ತಪಾಸಣೆಯ ತಂಡ ಬಂದು ಜಿಲ್ಲಾ ಆಸ್ಪತ್ರೆಗೆ ಚೀಟಿ ಬರೆಯಿತು. ಅಷ್ಟರಲ್ಲಿ ಕಬ್ಬು ಕಡಿಯುವ ಹಂಗಾಮು ಬಂತು, ಮನೆಮಂದಿಯೆಲ್ಲ ಮಹಾರಾಷ್ಟ್ರಕ್ಕೆ ಹೋದರು. ತಿರುಗಿ ಬಂದ ಮೇಲೆ, ಸದ್ದಿಗೆ ಕಿವಿಯ ನರದ ಸ್ಪಂದನೆಯನ್ನು ಅಳೆಯುವ ಬೆರಾ ಪರೀಕ್ಷೆಗೆ ವಿಜಯಪುರಕ್ಕೆ ಹೋದರೆ ಮಗು ನಿದ್ದೆ ಹೋಗಲಿಲ್ಲ. ನಿದ್ದೆಯಿಲ್ಲದೆ ಆ ಪರೀಕ್ಷೆ ಆಗುವುದಿಲ್ಲ, ಇನ್ನೊಂದು ತಾರೀಕು ಕೊಟ್ಟರು. ಪರೀಕ್ಷೆಯಾಯಿತು, ಎರಡೂ ಕಿವಿಗೆ ತೀವ್ರ ದೋಷ. ಆಮೇಲೆ ಪ್ರಮಾಣಪತ್ರ, ವಿಕಲಚೇತನರ ಗುರುತಿನ ಯುಡಿಐಡಿ ಕಾರ್ಡು, ಸಾಧನ ವಿತರಣೆಯ ಶಿಬಿರದ ಕಾಯುವಿಕೆ. ಕಿವಿಯಂತ್ರ ಹಾಕಿದಾಗ ಮಗುವಿಗೆ ಐದು ವರ್ಷ ಹತ್ತಿರ ಬಂದಿತ್ತು.

ಈ ಕತೆಯಲ್ಲಿ ಖಳನಾಯಕ ಯಾರೂ ಇಲ್ಲ. ಅಜ್ಜಿ ಪ್ರೀತಿಯಿಂದಲೇ ಹೇಳಿದಳು. ತಪಾಸಣೆಯ ತಂಡ ತನ್ನ ಪಾಳಿಗೆ ಬಂತು. ಆಸ್ಪತ್ರೆ ಪರೀಕ್ಷೆ ಮಾಡಿತು. ಶಿಬಿರದಲ್ಲಿ ಯಂತ್ರ ಸಿಕ್ಕಿತು. ವರದಿಯಲ್ಲಿ ಈ ಮಗು ಫಲಾನುಭವಿ, ಯಶಸ್ಸಿನ ಒಂದು ಅಂಕಿ. ಆದರೆ ಭಾಷೆ ಬೇರು ಬಿಡುವ ಐದು ವರ್ಷ ಹೋಗಿಬಿಟ್ಟಿದ್ದವು. ಹುಡುಗನಿಗೆ ಅಪ್ಪನ ಮೋಟಾರ್ ಸೈಕಲ್ಲು ಗೊತ್ತು, ಅಂಗಡಿ ಗೊತ್ತು, ಹಸಿವು ಗೊತ್ತು. ನಿನ್ನೆ ಎಂದರೇನು, ನಾಳೆ ಎಂದರೇನು, ಅಪ್ಪ ಯಾಕೆ ಇವತ್ತು ಬರಲಿಲ್ಲ ಎಂಬುದನ್ನು ಕೇಳಲು ಅವನ ಹತ್ತಿರ ಬಾಯಿಮಾತೂ ಇರಲಿಲ್ಲ, ಕೈಮಾತೂ ಇರಲಿಲ್ಲ.

ಕಾನೂನು ಎಲ್ಲಿಂದ ಎಲ್ಲಿಗೆ ಬಂತು

ನಮ್ಮ ದೇಶದಲ್ಲಿ ಕಿವುಡು ಮಕ್ಕಳ ಶಾಲೆಗಳು 1880ರ ದಶಕದಲ್ಲಿ ಮುಂಬಯಿಯಿಂದ ಶುರುವಾದವು. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು 1901ರಲ್ಲಿ ಕಿವುಡು ಮತ್ತು ಅಂಧ ಮಕ್ಕಳಿಗೆ ಶಾಲೆ ತೆರೆದರು. ಇವತ್ತು ಮೈಸೂರು, ಬೆಳಗಾವಿ, ಕಲಬುರಗಿ, ಬಳ್ಳಾರಿಗಳಲ್ಲಿ ಸರ್ಕಾರದ್ದೇ ವಸತಿ ಶಾಲೆಗಳಿವೆ. ಸ್ವಯಂಸೇವಾ ಸಂಸ್ಥೆಗಳು ನಡೆಸುವ ಶಾಲೆಗಳಿಗೆ ಅನುದಾನವಿದೆ, ಶಿಶುಕೇಂದ್ರಿತ ಯೋಜನೆಯಡಿ ಸಹಾಯಧನವಿದೆ. ಈ ಶಾಲೆಗಳಿಂದ ಎಷ್ಟೋ ಮಕ್ಕಳು ಅಕ್ಷರ ಕಂಡರು, ಕಸುಬು ಕಲಿತರು, ತಮ್ಮಂಥವರ ಗೆಳೆತನ ಕಂಡರು. ಆ ಋಣ ದೊಡ್ಡದು.

ಆದರೆ ವಸತಿ ಶಾಲೆಯ ಹಿಂದೆ ಒಂದು ವಿಚಾರ ಕೂತಿತ್ತು: ಮಗುವನ್ನು ನಮಗೆ ಕೊಡಿ, ನಾವು ಕಲಿಸುತ್ತೇವೆ. ಆರೇಳು ವರ್ಷಕ್ಕೆ ಮಗು ಹೋಗುತ್ತದೆ, ಬೇಸಿಗೆ ರಜೆಗೆ ಬರುತ್ತದೆ. ಶಾಲೆಯಲ್ಲಿ ಕಲಿತ ಸನ್ನೆ ಮನೆಯವರಿಗೆ ಗೊತ್ತಿಲ್ಲ, ಮನೆಯ ಮಾತು ಮಗುವಿಗೆ ಗೊತ್ತಿಲ್ಲ. ಒಂದೇ ಪಂಕ್ತಿಯಲ್ಲಿ ಉಣ್ಣುವ ಅಪರಿಚಿತರಂತೆ ಬೆಳೆದ ಅಣ್ಣ-ತಮ್ಮಂದಿರನ್ನು ನಾನು ನೋಡಿದ್ದೇನೆ. ಶಾಲೆಗೆ ಮುಂಚಿನ ಆರು ವರ್ಷದ ಹೊಣೆ ಮಾತ್ರ ಯಾರದೂ ಆಗಿರಲಿಲ್ಲ.

1965ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾಯಿತು. ಆಯಿಷ್ ಎಂದು ಜನ ಕರೆಯುವ ಸಂಸ್ಥೆ ಇದೇ. ಇಡೀ ದೇಶಕ್ಕೆ ಶ್ರವಣ ತಜ್ಞರನ್ನು ತಯಾರು ಮಾಡಿಕೊಟ್ಟ ಇದು ಕನ್ನಡ ನೆಲದಲ್ಲಿದೆ ಎನ್ನುವುದು ನಮ್ಮ ಭಾಗ್ಯ. 1995ರಲ್ಲಿ ಅಂಗವಿಕಲರ ಕಾಯ್ದೆ ಬಂತು. ಕೇಂದ್ರ ಸರ್ಕಾರ 2006-07ರಲ್ಲಿ ಕಿವುಡುತನ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆಯ್ದ ಜಿಲ್ಲೆಗಳಲ್ಲಿ ಆರಂಭಿಸಿತು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ನಾವು ಆರ್‌ಬಿಎಸ್‌ಕೆ ಅನ್ನುವುದು ಅದನ್ನೇ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಡುಕಬೇಕಾದ 30 ತೊಂದರೆಗಳಲ್ಲಿ ಹುಟ್ಟು ಕಿವುಡು ಒಂದು. ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ತಂಡ ಬರಬೇಕು, ಸಂಶಯ ಬಂದ ಮಗುವನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಬೇಕು.

2014ರಿಂದ, ವಿಕಲಚೇತನರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ, ಶಸ್ತ್ರಚಿಕಿತ್ಸೆಯಿಂದ ಒಳಗಿವಿಯಲ್ಲಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಸೇರಿತು. ಒಂದು ಮಗುವಿಗೆ 6 ಲಕ್ಷ ರೂಪಾಯಿಯವರೆಗೆ ನೆರವು, ವರ್ಷಕ್ಕೆ 500 ಮಕ್ಕಳು ಎಂದು ಹೊರಟ ಯೋಜನೆ, ಹುಟ್ಟು ಕಿವುಡು ಮಕ್ಕಳಿಗೆ ಐದು ವರ್ಷದ ಮಿತಿ. ನಮ್ಮ ರಾಜ್ಯದ ಆರೋಗ್ಯ ಇಲಾಖೆಯ ಶ್ರವಣ ಸಂಜೀವಿನಿ ಯೋಜನೆಯೂ ಆರು ವರ್ಷದೊಳಗಿನ ಮಕ್ಕಳಿಗೇ. ಈ ಮಿತಿ ದಬ್ಬಾಳಿಕೆಯಲ್ಲ. ತಡವಾದರೆ ಶಸ್ತ್ರಚಿಕಿತ್ಸೆಯ ಫಲ ಇಳಿಯುತ್ತದೆ ಎಂಬ ವೈದ್ಯಕೀಯ ಕಾರಣ ಅದರ ಹಿಂದಿದೆ. ಆದರೆ ನೋಡಿ, ಕೇಂದ್ರದ ಬಾಗಿಲು ಐದಕ್ಕೆ ಮುಚ್ಚುತ್ತದೆ, ರಾಜ್ಯದ್ದು ಆರಕ್ಕೆ. ಆಗಲೇ ಹೇಳಿದ ಹುಡುಗ ಆ ಬಾಗಿಲ ಹತ್ತಿರ ಬರುವುದೇ ಐದಕ್ಕೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಜಾರಿಗೆ ಬಂದದ್ದು 2017ರ ಏಪ್ರಿಲ್‌ನಲ್ಲಿ. ಇದು ದಾನದ ಭಾಷೆ ಬಿಟ್ಟು ಹಕ್ಕಿನ ಭಾಷೆ ಆಡುವ ಕಾಯ್ದೆ. ಸಂಜ್ಞಾ ಭಾಷೆಯನ್ನು ಸಂವಹನದ ವ್ಯಾಖ್ಯೆಯೊಳಗೆ ತಂದಿತು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯನ್ನೂ ಕೊಟ್ಟಿತು. ಮಕ್ಕಳನ್ನು ಗುರುತಿಸಲು ಐದು ವರ್ಷಕ್ಕೊಮ್ಮೆ ಶಾಲಾ ಸಮೀಕ್ಷೆ ಆಗಬೇಕು ಎಂದಿತು. ಎಲ್ಲವೂ ಒಳ್ಳೆಯದೇ. ಆದರೆ ಹಕ್ಕು ಶುರುವಾಗುವುದು ಆರನೆಯ ವರ್ಷಕ್ಕೆ, ಸಮೀಕ್ಷೆ ನಡೆಯುವುದು ಐದು ವರ್ಷಕ್ಕೊಮ್ಮೆ. ಮಗುವಿಗೆ ಬೇಕಾದದ್ದು ಆರನೆಯ ತಿಂಗಳಿಗೆ.

ಒಂದು, ಮೂರು, ಆರು

ಈ ಆರನೆಯ ತಿಂಗಳು ನಾನು ಕಟ್ಟಿದ ಲೆಕ್ಕವಲ್ಲ. ಅಮೆರಿಕದ ಕೊಲರಾಡೊದಲ್ಲಿ ಕ್ರಿಸ್ಟೀನ್ ಯೋಶಿನಾಗ-ಇಟಾನೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದ ದಿಕ್ಕನ್ನೇ ಬದಲಿಸಿತು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ಕುಟುಂಬಕ್ಕೆ ಮಾರ್ಗದರ್ಶನ ಸಿಕ್ಕ ಮಕ್ಕಳು, ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿದ್ದರು. ಅಲ್ಲಿಂದ ಮುಂದೆ ಜಗತ್ತಿನಲ್ಲೆಲ್ಲ ಒಂದು ಸರಳ ಸೂತ್ರ ಬಳಕೆಗೆ ಬಂತು: ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ನೆರವು.

ಹಸುಗೂಸಿನ ಕಿವಿ ತಪಾಸಣೆ ಎಂದರೆ ಏನೆಂದು ತಾಯಂದಿರಿಗೆ ಹೇಳಬೇಕು. ಓಎಇ ಎಂಬ ಚಿಕ್ಕ ಯಂತ್ರ, ಅಂಗೈಗೆ ಸ್ವಲ್ಪ ದೊಡ್ಡದು. ಅದರ ತುದಿಯ ಮೆತ್ತನೆಯ ರಬ್ಬರಿನ ಬಿರಡೆಯನ್ನು ಮಲಗಿದ ಕೂಸಿನ ಕಿವಿಗಿಟ್ಟರೆ ಸಣ್ಣ ಟಿಕ್-ಟಿಕ್ ಸದ್ದು ಒಳಗೆ ಹೋಗುತ್ತದೆ. ಒಳಗಿವಿ ಸರಿಯಿದ್ದರೆ ಅದು ತಾನೇ ಒಂದು ಕ್ಷೀಣ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷದ ಕೆಲಸ. ತರಬೇತಿ ಕೊಟ್ಟರೆ ನರ್ಸಮ್ಮನೇ ಮಾಡಬಹುದು. ಸರಿಬರದಿದ್ದರೆ ಇನ್ನೊಮ್ಮೆ, ಆಗಲೂ ಸರಿಬರದಿದ್ದರೆ ಬೆರಾ ಪರೀಕ್ಷೆ. ಇನ್ನೊಂದು ಅನುಕೂಲ ಕೇಳಿ: ಎರಡು ತಿಂಗಳ ಕೂಸು ಹಾಲು ಕುಡಿದು ತಾನಾಗಿ ನಿದ್ದೆ ಹೋಗುತ್ತದೆ. ಮೂರು ವರ್ಷದ ಹುಡುಗನನ್ನು ಆಸ್ಪತ್ರೆಯಲ್ಲಿ ಮಲಗಿಸಲು ಔಷಧಿ ಬೇಕಾಗುತ್ತದೆ.

ನೆರೆಯ ಕೇರಳ ತನ್ನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಈ ತಪಾಸಣೆಯನ್ನು ತಂದಿದೆ, ಇಂಪ್ಲಾಂಟ್‌ಗೆ ಶ್ರುತಿತರಂಗಂ ಎಂಬ ಯೋಜನೆ ನಡೆಸುತ್ತಿದೆ. ನಮ್ಮಲ್ಲಿ ಆಯಿಷ್ ಹಲವು ಆಸ್ಪತ್ರೆಗಳಲ್ಲಿ ನವಜಾತ ಶಿಶುಗಳ ತಪಾಸಣೆ ನಡೆಸುತ್ತ ಬಂದಿದೆ. ಮಾಡುವುದು ಹೇಗೆ ಎಂಬ ಜ್ಞಾನ ನಮ್ಮ ರಾಜ್ಯದೊಳಗೇ ಇದೆ. ಅದು ಮಾನಸಗಂಗೋತ್ರಿಯಿಂದ ತಿಕೋಟಾ, ಬಬಲೇಶ್ವರದ ಹೆರಿಗೆ ಕೋಣೆಯವರೆಗೆ ನಿಯಮವಾಗಿ ಬರಬೇಕು.

ಇಲ್ಲಿ ಕೂತವರಲ್ಲಿ ಅರ್ಧಕ್ಕರ್ಧ ದ್ರಾಕ್ಷಿ ಬೆಳೆಗಾರರು. ಅಕ್ಟೋಬರಿನಲ್ಲಿ ಬಳ್ಳಿ ಸವರುವ ಚಾಟ್ನಿಯ ಹೊತ್ತು ತಪ್ಪಿಸಿಕೊಂಡು, ಜನವರಿಯಲ್ಲಿ ಎರಡು ಪಟ್ಟು ಗೊಬ್ಬರ ಹಾಕುತ್ತೇನೆ ಎಂದರೆ ಗೊನೆ ಬರುತ್ತದೆಯೇ? ಐದು ವರ್ಷದ ಮೇಲೆ ಕೊಟ್ಟ ಯಂತ್ರದ ಪಾಡೂ ಅದೇ.

ಯಂತ್ರ ಕೊಟ್ಟ ಮೇಲೆ

ಶಿಬಿರದಲ್ಲಿ ಯಂತ್ರ ಕೊಡುವಾಗ ಫೋಟೋ ತೆಗೆಯುತ್ತಾರೆ. ಸೇವೆ ಎಂಬುದು ಆ ಫೋಟೋ ಆದ ಮೇಲೆ ಶುರುವಾಗಬೇಕು, ನಮ್ಮಲ್ಲಿ ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಕಿವಿಯಂತ್ರಕ್ಕೆ ಕಿವಿಯ ಅಚ್ಚು ತೆಗೆದು ಮಾಡಿದ ಬಿರಡೆ ಬೇಕು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ. ಕೆಲವೇ ತಿಂಗಳಲ್ಲಿ ಬಿರಡೆ ಸಡಿಲವಾಗಿ ಯಂತ್ರ ಕುಂಯ್ಯೆಂದು ಸಿಳ್ಳೆ ಹಾಕುತ್ತದೆ. ಆ ಸಿಳ್ಳೆಗೆ ಮನೆಯವರು ಬೇಸತ್ತು ಯಂತ್ರವನ್ನು ಟ್ರಂಕಿನಲ್ಲಿಡುತ್ತಾರೆ. ಗುಂಡಿಯಂಥ ಸೆಲ್ಲು ವಾರ, ಹದಿನೈದು ದಿನಕ್ಕೆ ಮುಗಿಯುತ್ತದೆ, ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ. ಊರೂರಿನ ಟ್ರಂಕುಗಳಲ್ಲಿ ಹೀಗೆ ಮಲಗಿದ ಯಂತ್ರಗಳನ್ನು ಸರ್ಕಾರ 'ವಿತರಿಸಲಾಗಿದೆ' ಎಂದು ಬರೆದುಕೊಂಡಿದೆ. ಇಂಪ್ಲಾಂಟ್ ಆದ ಮಗುವಿನ ಪಾಡು ಇನ್ನೂ ಸೂಕ್ಷ್ಮ. ಕಿವಿಯ ಹಿಂದೆ ಹಾಕುವ ಹೊರಗಿನ ಯಂತ್ರದ ವೈರು, ಬ್ಯಾಟರಿ ಕೆಡುತ್ತವೆ. ವಾರಂಟಿ ಮುಗಿದ ಮೇಲೆ ಅದರ ಖರ್ಚು ಕೂಲಿ ಮಾಡುವವರ ಅಳವಿನಲ್ಲಿರುವುದಿಲ್ಲ. ಹೊರಗಿನ ಯಂತ್ರ ನಿಂತರೆ ಒಳಗಿನದೂ ನಿಂತಂತೆ.

ಎಲ್ಲಕ್ಕಿಂತ ಮುಖ್ಯವಾದದ್ದು ತರಬೇತಿ. ಯಂತ್ರ ಸದ್ದನ್ನು ಕೊಡುತ್ತದೆ, ಅರ್ಥವನ್ನು ಕೊಡುವುದಿಲ್ಲ. ಮೈಸೂರಿನಲ್ಲಿ ಶ್ರವಣದೋಷವುಳ್ಳ ಮಕ್ಕಳ ಪೋಷಕರ ಸಂಘ ನಡೆಸುವ ಶಾಲೆಯೊಂದಿದೆ. ಅಲ್ಲಿ ದಾಖಲಾಗುವುದು ಮಗು ಒಂದೇ ಅಲ್ಲ, ತಾಯಿ ಮತ್ತು ಮಗು. ತಾಯಿಯೇ ತರಗತಿಯಲ್ಲಿ ಕೂತು ಕಲಿತು ತನ್ನ ಮಗುವಿಗೆ ಕಲಿಸುತ್ತಾಳೆ. ಆಯಿಷ್‌ನ ಶಾಲಾಪೂರ್ವ ತರಗತಿಗಳಲ್ಲೂ ತಾಯಂದಿರು ಮಕ್ಕಳ ಜೊತೆ ಇರುತ್ತಾರೆ. ಈ ಹೆಣ್ಣುಮಕ್ಕಳು ವರ್ಷಗಟ್ಟಲೆ ಮನೆ ಬಿಟ್ಟು, ಮೈಸೂರಿನಲ್ಲಿ ಕೋಣೆ ಹಿಡಿದು, ಮಗುವಿನ ಒಂದೊಂದೇ ಶಬ್ದವನ್ನು ಹಚ್ಚಿ ಬೆಳೆಸುತ್ತಾರೆ. ಕುಟುಂಬವೇ ಮೊದಲ ಶಾಲೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ವಿಜಯಪುರದ ತಾಯಿಗೆ ಮೈಸೂರು ಎಷ್ಟು ದೂರ? ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿ ಕಳೆದು ಮರುದಿನ ಇಳಿಯಬೇಕು. ರೈಲಿನ ದೂರವಾದರೂ ಮುಗಿಯುತ್ತದೆ. ಮನೆಯಲ್ಲಿ ಇನ್ನೆರಡು ಮಕ್ಕಳು, ಎಮ್ಮೆ, ವಯಸ್ಸಾದ ಅತ್ತೆ, ನಿತ್ಯದ ಕೂಲಿ, ಇವನ್ನೆಲ್ಲ ಬಿಟ್ಟು ಹೋಗುವ ದೂರ ಮುಗಿಯುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ಮಗುವನ್ನು ಎತ್ತಿಕೊಂಡು ವಿಜಯಪುರದ ಥೆರಪಿಗೆ ಹೋಗಿಬರುವ ತಾಯಿಗೆ ಇದು ಯಾವ ವಿಕಲಚೇತನ ಯೋಜನೆಗಿಂತಲೂ ಕಡಿಮೆಯಲ್ಲದ ಉಪಕಾರ ಮಾಡಿದೆ. ಬಸ್ಸಿನ ದುಡ್ಡು ಉಳಿಯಿತು, ಆ ದಿನದ ಕೂಲಿ ಮಾತ್ರ ಹೋಗುತ್ತದೆ. ವಾರಕ್ಕೆರಡು ದಿನ ಕೂಲಿ ಬಿಟ್ಟು ಎರಡು ವರ್ಷ ಓಡಾಡು ಎಂದು ಹೇಳುವ ನೀತಿ, ಆ ಕೂಲಿಯನ್ನು ತುಂಬಿಕೊಡುವ ಮಾತನ್ನೂ ಆಡಬೇಕಲ್ಲವೇ?

ನಾರ್ವೆ ದೇಶದ ಒಂದು ಏರ್ಪಾಡನ್ನು ಇಲ್ಲಿ ನೆನೆಯಬೇಕು. ಅಲ್ಲಿ ಕಿವುಡು ಮಗುವಿನ ತಂದೆತಾಯಿಗೆ, ಮಗುವಿಗೆ 16 ವರ್ಷ ತುಂಬುವುದರೊಳಗೆ ಒಟ್ಟು 40 ವಾರಗಳ ಸಂಜ್ಞಾ ಭಾಷೆಯ ಶಿಕ್ಷಣವನ್ನು ಸರ್ಕಾರವೇ ಕೊಡುತ್ತದೆ. ನಾರ್ವೆಯ ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ಮಗುವಿನ ಕಿವಿಯ ಜೊತೆ ತಂದೆತಾಯಿಯ ಕಲಿಕೆಯೂ ಸರ್ಕಾರದ ಹೊಣೆ ಎಂಬ ವಿಚಾರಕ್ಕೆ ದುಡ್ಡು ಬೇಡ.

ಬಾಯಿಮಾತೋ ಕೈಮಾತೋ

ಈ ಪ್ರಶ್ನೆಗೆ ನೂರೈವತ್ತು ವರ್ಷದ ಜಗಳದ ಇತಿಹಾಸವಿದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ ಶಿಕ್ಷಕರ ಸಮ್ಮೇಳನ ಸಂಜ್ಞೆ ಬೇಡ, ಬಾಯಿಮಾತೇ ಕಲಿಸಬೇಕು ಎಂದು ಠರಾವು ಮಾಡಿತು. ಅದರ ಪ್ರಭಾವ ನಮ್ಮ ಶಾಲೆಗಳವರೆಗೂ ಬಂತು. ತರಗತಿಯಲ್ಲಿ ಕೈ ಕಟ್ಟಿ ಕೂರಿಸಿದ ಮಕ್ಕಳು ಹಾಸ್ಟೆಲಿನಲ್ಲಿ ಗುಟ್ಟಾಗಿ ಸನ್ನೆಯಲ್ಲೇ ಹರಟೆ ಹೊಡೆಯುತ್ತಿದ್ದರು. ಭಾಷೆ ಹಾಗೆಯೇ ಉಳಿಯಿತು.

ನಮ್ಮ ರಾಜ್ಯದಲ್ಲೇ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಎಂಬ ಊರಿದೆ. ಹುಟ್ಟು ಕಿವುಡು ಆ ಊರಲ್ಲಿ ಬೇರೆಡೆಗಿಂತ ಹೆಚ್ಚು. ಅಲ್ಲಿ ತಲೆಮಾರುಗಳಿಂದ ಊರಿನದೇ ಆದ ಒಂದು ಸಂಜ್ಞಾ ಭಾಷೆ ಬೆಳೆದಿದೆ. ಭಾಷಾವಿದ್ವಾಂಸ ಸಿಬಾಜಿ ಪಾಂಡಾ 2012ರಲ್ಲಿ ಅದರ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕಿವಿ ಕೇಳುವ ಜನರೂ ಅಲ್ಲಿ ಸನ್ನೆ ಬಲ್ಲರು. ಅಂಥ ಕಡೆ ಕಿವುಡು ಮಗು ಹುಟ್ಟಿದರೆ ಅದರೊಡನೆ ಮಾತಾಡಲು ಜನ ಕಾದಿರುತ್ತಾರೆ. ನಮ್ಮ ಊರುಗಳಲ್ಲಿ ಹಾಗಿಲ್ಲ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಕಿವುಡು ಮಕ್ಕಳು ಹುಟ್ಟುವುದು ಕಿವಿ ಕೇಳುವ ತಂದೆತಾಯಿಗೆ. ಆ ತಂದೆತಾಯಿ ವಯಸ್ಸಿಗೆ ಬಂದ ಒಬ್ಬ ಕಿವುಡು ವ್ಯಕ್ತಿಯೊಡನೆ ಒಮ್ಮೆಯೂ ಕೂತು ಮಾತಾಡಿರುವುದಿಲ್ಲ.

ಸನ್ನೆ ಕಲಿಸಿದರೆ ಮಗು ಬಾಯಿಬಿಡುವುದಿಲ್ಲ ಎಂಬ ಹೆದರಿಕೆ ತಂದೆತಾಯಿಗಿದೆ. ಥೆರಪಿ ಮಾಡಿಸುವವರಲ್ಲೂ ಈ ಮಾತು ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಮಗುವಿಗೆ ಮೊದಲು ಬೇಕಾದದ್ದು ತಡವಿಲ್ಲದೆ ಒಂದು ಭಾಷೆ. ಯಂತ್ರ ಒಲಿದರೆ ಬಾಯಿಮಾತು ಬರಲಿ, ಸಂತೋಷ. ಆದರೆ ಬೆರಾ ತಾರೀಕಿಗೆ, ಪ್ರಮಾಣಪತ್ರಕ್ಕೆ, ಶಿಬಿರಕ್ಕೆ ಕಾಯುವ ಆ ತಿಂಗಳುಗಳಲ್ಲಿ ಮಗುವಿನ ಕಣ್ಣು, ತಾಯಿಯ ಕೈ ಎರಡೂ ಖಾಲಿ ಕೂರಬೇಕಾಗಿಲ್ಲ. ಸನ್ನೆಗೆ ಶಸ್ತ್ರಚಿಕಿತ್ಸೆ ಬೇಡ, ಸೆಲ್ಲು ಬೇಡ, ಟೆಂಡರು ಬೇಡ.

ಸರ್ಕಾರವೂ ಈಗ ಈ ದಾರಿಗೆ ಬಂದಿದೆ. 2015ರಲ್ಲಿ ದಿಲ್ಲಿಯಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪನೆಯಾಯಿತು. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ಮುಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಂಜ್ಞಾ ಭಾಷೆಯನ್ನು ದೇಶದಾದ್ಯಂತ ಪ್ರಮಾಣೀಕರಿಸುವ ಮಾತಾಡಿತು. 2021ರಲ್ಲಿ ಅದು ಭಾಷಾ ವಿಷಯವಾಗಿ ಮಾನ್ಯತೆ ಪಡೆಯಿತು. 2024ರ ಡಿಸೆಂಬರಿನಲ್ಲಿ ಪಿಎಂ ಇ-ವಿದ್ಯಾದ 31ನೆಯ ವಾಹಿನಿ ಸಂಜ್ಞಾ ಭಾಷೆಗೆ ಮೀಸಲಾಯಿತು. ಇವೆಲ್ಲ ಶಾಲೆಗೆ ಬಂದ ಮಗುವಿಗೆ. ಎರಡು ವರ್ಷದ ಮಗುವಿನ ಮನೆಗೆ, ಅದರ ಅವ್ವ-ಅಪ್ಪ, ಅಜ್ಜ-ಅಜ್ಜಿಗೆ ಸನ್ನೆ ಕಲಿಸುವ ಸೇವೆ ಇನ್ನೂ ಬಂದಿಲ್ಲ. ಕೆಲಸವಿಲ್ಲದೆ ಕೂತ ವಿದ್ಯಾವಂತ ಕಿವುಡು ಯುವಕ-ಯುವತಿಯರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರಿಗೆ ತರಬೇತಿ ಕೊಟ್ಟು ಗೌರವಧನದ ಮೇಲೆ ಮನೆಮನೆಗೆ ಕಳಿಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮಗುವಿಗೆ ಭಾಷೆ ಸಿಗುತ್ತದೆ. ತನ್ನ ಮಗು ಮುಂದೆ ಏನಾಗಬಹುದು ಎಂಬುದನ್ನು ತಾಯಿ ಕಣ್ಣಾರೆ ಕಾಣುತ್ತಾಳೆ.

ಶಾಲೆಯ ಬಗ್ಗೆ ಒಂದೇ ಮಾತು. ಪ್ರಾಥಮಿಕ ಹಂತದಲ್ಲಿ ಹತ್ತು ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮಲ್ಲಿ ಬ್ಲಾಕ್ ಮಟ್ಟದ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಬೈಕಿನ ಮೇಲೆ ಊರೂರು ತಿರುಗಿ, ನಡೆಯಲಾಗದ ಮಗುವಿಗೂ, ಬುದ್ಧಿಮಾಂದ್ಯ ಮಗುವಿಗೂ, ಕಿವುಡು ಮಗುವಿಗೂ ತಾವೊಬ್ಬರೇ ಆಗಿ ದುಡಿಯುತ್ತಿದ್ದಾರೆ. ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಮುಗಿದ ಕೈ ನೇಮಕಾತಿ ಆಗುವುದಿಲ್ಲ.

ತಡೆಯಬಹುದಾದದ್ದು

2021ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಮಕ್ಕಳ ಶ್ರವಣದೋಷದಲ್ಲಿ ಹತ್ತಿರಹತ್ತಿರ ಶೇ. 60ರಷ್ಟು ತಡೆಯಬಹುದಾದ ಕಾರಣಗಳಿಂದ ಬಂದದ್ದು. ಬಸುರಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯ ಕೂಸಿನ ಕಿವಿಗೆ ಅಪಾಯ. ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ 2017ರ ಫೆಬ್ರುವರಿಯಲ್ಲಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹುಟ್ಟಿದಾಗ ಬರುವ ವಿಪರೀತ ಕಾಮಾಲೆ, ಮಿದುಳು ಜ್ವರ, ಸೋರುವ ಕಿವಿಗೆ ಬಿಸಿ ಎಣ್ಣೆ ಹೊಯ್ಯುವುದು, ಇವೆಲ್ಲ ಎಚ್ಚರ ವಹಿಸಬಹುದಾದವು.

ರಕ್ತಸಂಬಂಧದ ಮದುವೆಯ ಮಾತನ್ನು ಆಡದೆ ದಾಟಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ನೆಂಟರೊಳಗಿನದು. ಸೋದರಮಾವ, ಸೋದರತ್ತೆಯ ಮಗ ಎಂಬ ಬಾಂಧವ್ಯದ ಬೆಲೆ ನನಗೂ ಗೊತ್ತು, ಆಸ್ತಿ-ಹೊಲದ ಲೆಕ್ಕವೂ ಗೊತ್ತು. ಒಂದೇ ವಂಶದಲ್ಲಿ ಅಡಗಿರುವ ಕಿವುಡಿನ ವಂಶವಾಹಿ ಎರಡೂ ಕಡೆಯಿಂದ ಬಂದು ಸೇರುವ ಸಂಭವ ಇಂಥ ಮದುವೆಯಲ್ಲಿ ಹೆಚ್ಚು. ಇದನ್ನು ಮದುವೆಗೆ ಮುಂಚೆ ಹೇಳಬೇಕು. ಮಗು ಹುಟ್ಟಿದ ಮೇಲೆ ಸೊಸೆಯನ್ನು ಹಂಗಿಸಲು ಇದನ್ನು ಬಳಸಿದರೆ ಅದು ವಿಜ್ಞಾನವಲ್ಲ, ಕ್ರೌರ್ಯ. ವಂಶವಾಹಿ ಬರುವುದು ಗಂಡನ ಕಡೆಯಿಂದಲೂ ಹೌದು.

ಏನು ಮಾಡಬಹುದು

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಶ್ರವಣದೋಷ ಇದೆಯೆಂದು ಬರೆಸಿದವರು 2.35 ಲಕ್ಷ ಮಂದಿ. ಇಂಥವರಿಗಾಗಿ ಸರ್ಕಾರ ಪ್ರತಿ ವರ್ಷ ಎಷ್ಟು ಯಂತ್ರ ಕೊಟ್ಟೆ, ಎಷ್ಟು ಕಾರ್ಡು ಮಾಡಿದೆ ಎಂದು ಲೆಕ್ಕ ಕೊಡುತ್ತದೆ. ನಾನು ಕೇಳುವುದು ಬೇರೆಯೇ ಲೆಕ್ಕ: ಈ ವರ್ಷ ಪತ್ತೆಯಾದ ಮಕ್ಕಳಿಗೆ ಪತ್ತೆಯಾದ ದಿನ ಎಷ್ಟು ತಿಂಗಳು ತುಂಬಿತ್ತು? ಮೊದಲ ಥೆರಪಿಯ ದಿನ ಎಷ್ಟು? ಈ ಎರಡು ಅಂಕಿಗಳನ್ನು ಜಿಲ್ಲಾವಾರು ಪ್ರಕಟಿಸಲಿ. ಜಿಲ್ಲೆ-ಜಿಲ್ಲೆಯ ನಡುವೆ ಪೈಪೋಟಿ ತಾನಾಗಿ ಹುಟ್ಟುತ್ತದೆ, ಆಮೇಲಿನ ಬದಲಾವಣೆಗಳಿಗೆ ದಾರಿ ತೆರೆಯುತ್ತದೆ.

ಅದರ ಜೊತೆ ನಾಲ್ಕು ಸಂಗತಿ. ಒಂದು, ಹೆರಿಗೆಯಾದ ತಾಯಿ ಆಸ್ಪತ್ರೆಯಿಂದ ಮನೆಗೆ ಹೋಗುವ ಮುಂಚೆ ಕೂಸಿನ ಕಿವಿ ತಪಾಸಣೆಯಾಗಬೇಕು, ತಪ್ಪಿದರೆ ಆರನೆಯ ವಾರದ ಲಸಿಕೆಯ ದಿನ, ಫಲಿತಾಂಶ ತಾಯಿ ಕಾರ್ಡಿನಲ್ಲಿ ಬರೆಯಬೇಕು. ಎರಡು, ಪ್ರಮಾಣಪತ್ರ ಬರುವವರೆಗೆ ಯಂತ್ರಕ್ಕೂ ಥೆರಪಿಗೂ ಕಾಯಿಸಬಾರದು. ಪಿಂಚಣಿಗೆ, ಮೀಸಲಾತಿಗೆ ಪ್ರಮಾಣ ಬೇಕು, ಒಪ್ಪುತ್ತೇನೆ. ಮಗುವಿನ ಭಾಷೆಗೆ ಬೆರಾ ವರದಿ ಸಾಕು. ಮೂರು, ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ನಿಗದಿತ ದಿನ ಥೆರಪಿಸ್ಟ್ ಕೂರಬೇಕು, ಬಿರಡೆ ಮಾಡುವ, ಯಂತ್ರ ದುರಸ್ತಿಯ ಏರ್ಪಾಡು ಅದೇ ಕೋಣೆಯಲ್ಲಿರಬೇಕು. ನಾಲ್ಕು, ಮೊದಲ ಮೂರು ವರ್ಷ ತಾಯಿಗೆ ಅಥವಾ ತಂದೆಗೆ ತರಬೇತಿಯ ದಿನದ ಕೂಲಿ ಸಿಗಬೇಕು. ಕಬ್ಬಿಗೆ ಹೋಗುವ ಕುಟುಂಬವಾದರೆ ಮಗುವಿನ ದಾಖಲೆ ಅವರ ಜೊತೆಗೇ ಹೋಗಿ ಅಲ್ಲಿಯೂ ಸೇವೆ ಸಿಗುವಂತಾಗಬೇಕು.

ಇವು ಬೆಂಗಳೂರಿನಲ್ಲಿ ಆಗಬೇಕಾದ ಕೆಲಸ. ಬಿಜ್ಜರಗಿಯಲ್ಲೇ ಆಗುವ ಕೆಲಸವೂ ಇದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ. 5ರಷ್ಟನ್ನು ವಿಕಲಚೇತನರಿಗೆ ಮೀಸಲಿಡಬೇಕೆಂಬ ನಿಯಮವಿದೆ. ವರ್ಷದ ಕೊನೆಗೆ ಅವಸರದಲ್ಲಿ ಏನನ್ನೋ ಕೊಂಡು ಹಂಚುವ ಬದಲು, ಊರಿನಲ್ಲಿ ಯಂತ್ರ ಹಾಕಿದ ಮಕ್ಕಳ ಸೆಲ್ಲಿಗೆ, ಬಿರಡೆಗೆ ಆ ಹಣದಲ್ಲಿ ದಾರಿಯಿದೆಯೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಪ್ರತಿ ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ವಿಆರ್‌ಡಬ್ಲ್ಯು ಎಂದರೆ ನಿಮಗೆಲ್ಲ ಗೊತ್ತು. ಅವರ ಪಟ್ಟಿಯಲ್ಲಿ ಆರು ವರ್ಷ ದಾಟಿದವರ ಹೆಸರು ತುಂಬಿರುತ್ತದೆ, ಎರಡು ವರ್ಷದೊಳಗಿನವರ ಹೆಸರು ಇದೆಯೇ ಎಂದು ಕೇಳಿ.

ಆಶಾ ಅಕ್ಕಂದಿರೆ, ಹೆರಿಗೆಯಾದ ಮನೆಗೆ ನೀವು 42 ದಿನದೊಳಗೆ ಆರು ಸಲ ಹೋಗುತ್ತೀರಿ. ತೂಕ, ಹೊಕ್ಕಳು, ಹಾಲು ಎಲ್ಲ ಕೇಳುತ್ತೀರಿ. ಅದರ ಜೊತೆ ಕೂಸಿನ ಕಿವಿ ತಪಾಸಣೆ ಆಯಿತೇ ಎಂದು ಕೇಳಿ, ಆಗದಿದ್ದರೆ ಬರೆದುಕೊಳ್ಳಿ. ಹೆದರಿಸಬೇಡಿ. ಹುಟ್ಟು ಕಿವುಡು ಸಾವಿರ ಕೂಸುಗಳಲ್ಲಿ ಒಂದೆರಡಕ್ಕೆ ಮಾತ್ರ. ಆದರೆ ಆ ಒಂದೆರಡು ಯಾವ ಮನೆಯವು ಎಂಬುದು ಎಲ್ಲರನ್ನೂ ನೋಡದೆ ಗೊತ್ತಾಗುವುದಿಲ್ಲ.

ಅಜ್ಜಿಯರೆ, ಬಜೆ ತೀಡಿ, ಹರಕೆ ಹೊರಿ, ಅದು ನಿಮ್ಮ ಅಕ್ಕರೆ. ಹರಕೆಯ ಜೊತೆಗೇ ಅದೇ ವಾರ ವಿಜಯಪುರದ ಬಸ್ಸೂ ಹತ್ತಿ. ಮೂರು ವರ್ಷ ನೋಡೋಣ ಎಂದು ಯಾರಾದರೂ ಹೇಳಿದರೆ, ಅವರು ಎಷ್ಟೇ ಓದಿದವರಾಗಿರಲಿ, ಪರೀಕ್ಷೆ ಮಾಡಿಸಿಯೇ ಕಾಯುತ್ತೇವೆ ಎಂದು ಹೇಳುವ ಹಕ್ಕು ನಿಮಗಿದೆ.

ದತ್ತಿ ಎಂದರೆ ಅಸಲನ್ನು ಮುಟ್ಟದೆ ಬಡ್ಡಿಯಲ್ಲಿ ಒಳ್ಳೆಯ ಕೆಲಸ ನಡೆಸುವುದು. ಈ ವರ್ಷದ ಬಡ್ಡಿಯಲ್ಲಿ ಒಂದು ಗಂಟೆಯ ಮಾತು ನಡೆಯಿತು. ಮುಂದಿನ ವರ್ಷ ಇದೇ ವೇದಿಕೆಗೆ ಯಾರೇ ಬಂದು ಯಾವ ವಿಷಯದ ಮೇಲೇ ಮಾತಾಡಲಿ, ಸಭೆ ಶುರುವಾಗುವ ಮುಂಚೆ ಪಂಚಾಯ್ತಿಯವರು ಒಂದು ಲೆಕ್ಕ ಓದಲಿ: ಈ ಊರಲ್ಲಿ ಕಳೆದ ವರ್ಷ ಹುಟ್ಟಿದ ಕೂಸುಗಳೆಷ್ಟು, ಅವರಲ್ಲಿ ಕಿವಿ ತಪಾಸಣೆಯಾದದ್ದು ಎಷ್ಟು. ಎರಡೂ ಅಂಕಿ ಒಂದೇ ಆದ ದಿನ ಬಿಜ್ಜರಗಿ ತನ್ನ ಪಾಲಿನ ಕೆಲಸ ಮುಗಿಸಿ, ಉಳಿದದ್ದನ್ನು ಸರ್ಕಾರದ ಹತ್ತಿರ ತಲೆಯೆತ್ತಿ ಕೇಳಬಹುದು.